ಹಿಡಿದ ಮೇಲೆ ಏನು? ಕ್ರಿಮಿನಲ್ ಜಸ್ಟಿಸ್ ಓದಿನ ಮರೆತುಹೋದ ಅರ್ಧ

1841ರ ಆಗಸ್ಟ್. ಬಾಸ್ಟನ್ ನಗರದ ಪೊಲೀಸ್ ಕೋರ್ಟು. ಹರಿದ ಬಟ್ಟೆಯ, ಕುಡಿದು ಕುಡಿದು ಸೋತುಹೋದ ಒಬ್ಬ ಮನುಷ್ಯನನ್ನು ತಂದು ನಿಲ್ಲಿಸಿದರು. ಆರೋಪ ದೊಡ್ಡದೇನಲ್ಲ, ಕುಡುಕತನ. ಆದರೂ ಸೆರೆವಾಸ ಬಹುತೇಕ ಖಾತ್ರಿ. ಅಲ್ಲೇ ಕೂತಿದ್ದ ಜಾನ್ ಆಗಸ್ಟಸ್ ಎಂಬ ಬೂಟು ತಯಾರಕರು ಆತನ ಹತ್ತಿರ ಹೋಗಿ ನಾಲ್ಕು ಮಾತಾಡಿದರು. ಆಮೇಲೆ ಕೋರ್ಟಿನ ಅನುಮತಿ ಪಡೆದು ತಾವೇ ಜಾಮೀನು ನಿಂತರು. ಮೂರು ವಾರ ಬಿಟ್ಟು ಮತ್ತೆ ಕರೆತಂದಾಗ ಆತನ ಗುರುತು ಹಿಡಿಯುವುದೇ ಕಷ್ಟವಾಗಿತ್ತು. ದಂಡ ಒಂದು ಸೆಂಟ್. ಕೋರ್ಟಿನ ಖರ್ಚು ಸೇರಿಸಿದರೂ ನಾಲ್ಕು ಡಾಲರ್ ದಾಟಲಿಲ್ಲ.

ಆಗಸ್ಟಸ್ ಪೊಲೀಸ್ ಅಲ್ಲ, ವಕೀಲರೂ ಅಲ್ಲ. ಈ ಕೆಲಸಕ್ಕೆ ಯಾರೂ ಅವರಿಗೆ ಸಂಬಳ ಕೊಡಲಿಲ್ಲ. 1859ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಹೀಗೆ 1,900ಕ್ಕೂ ಹೆಚ್ಚು ಜನರಿಗೆ ಜಾಮೀನು ನಿಂತಿದ್ದರು. ಆ ಮನುಷ್ಯನ ಹಿನ್ನೆಲೆ ವಿಚಾರಿಸುವುದು, ಕೆಲಸ ಹುಡುಕಿಕೊಡುವುದು, ಇರಲು ಜಾಗ ನೋಡುವುದು, ಹೇಗಿದ್ದಾನೆ ಅಂತ ಕೋರ್ಟಿಗೆ ವರದಿ ಒಪ್ಪಿಸುವುದು, ಇಷ್ಟೇ ಅವರು ಮಾಡುತ್ತಿದ್ದುದು. 1878ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯ ಇದನ್ನೇ ಕಾನೂನಾಗಿ ಮಾಡಿತು. ಇವತ್ತು ನಾವು ಪ್ರೊಬೇಷನ್ ಅಂತ ಕರೆಯುವ ಪದ್ಧತಿಯ ಒಂದು ಮುಖ್ಯ ಬೇರು ಅಲ್ಲಿದೆ.

ಆ ನಾಲ್ಕು ಕೆಲಸಗಳನ್ನು ಕಲಿಸಬೇಕಾದ ಜಾಗ ಇವತ್ತು ಕಾಲೇಜು. ಕೋರ್ಸಿನ ಹೆಸರು ಎಲ್ಲ ಕಡೆ ಒಂದೇ ಥರ ಇರುವುದಿಲ್ಲ. ಕೆಲವು ಕಡೆ ಕ್ರಿಮಿನಲ್ ಜಸ್ಟಿಸ್, ಕೆಲವು ಕಡೆ ಅಪರಾಧಶಾಸ್ತ್ರ. ಒಳಗೆ ಇರುವುದು ಮೂರು ಭಾಗ: ಪೊಲೀಸ್, ಕೋರ್ಟು, ಕರೆಕ್ಷನ್ಸ್. ಈ ಮೂರನೆಯದರಲ್ಲಿ ಜೈಲು, ಪ್ರೊಬೇಷನ್, ಪೆರೋಲ್ (ಅವಧಿ ಮುಗಿಯುವ ಮೊದಲೇ ಷರತ್ತಿನ ಮೇಲೆ ಬಿಡುಗಡೆ), ಬಾಲಮಂದಿರ, ಬಿಡುಗಡೆಯಾದ ಮೇಲಿನ ಬದುಕು ಎಲ್ಲ ಬರುತ್ತದೆ. ಸೇರುವ ಹುಡುಗ ಹುಡುಗಿಯರಲ್ಲಿ ಬಹಳ ಮಂದಿಯ ಕಣ್ಣು ಮಾತ್ರ ಮೊದಲನೆಯದರ ಮೇಲೆ. ಬೆರಳಚ್ಚು, ರಕ್ತದ ಕಲೆ, ಪತ್ತೇದಾರಿ, ಕೊನೆಗೆ ಕೈಗೆ ಕೋಳ. ಅಲ್ಲಿಗೆ ಕಥೆ ಮುಗಿಯಿತು ಅಂದುಕೊಂಡು ಬರುತ್ತಾರೆ. ಪಠ್ಯಕ್ರಮವೂ ಬಹಳ ಕಡೆ ಅವರನ್ನು ತಿದ್ದುವುದಿಲ್ಲ. ಕರೆಕ್ಷನ್ಸ್ ಅಂದರೆ ಒಂದೋ ಎರಡೋ ಪೇಪರ್, ಅದೂ ಕೊನೆಯ ವರ್ಷಕ್ಕೆ.

ಜನ ಇರುವುದು ಮಾತ್ರ ಅಲ್ಲೇ. ಜಗತ್ತಿನ ಜೈಲುಗಳಲ್ಲಿ ಯಾವ ದಿನ ನೋಡಿದರೂ ಒಂದು ಕೋಟಿಗೂ ಹೆಚ್ಚು ಜನ ಇರುತ್ತಾರೆ. ಅಮೆರಿಕದಲ್ಲಿ ಜೈಲಿನ ಒಳಗಿರುವವರಿಗಿಂತ ಹೊರಗೆ ಪ್ರೊಬೇಷನ್ ಮತ್ತು ಪೆರೋಲ್ ನಿಗಾದಲ್ಲಿ ಇರುವವರೇ ಜಾಸ್ತಿ. ಇವರನ್ನೆಲ್ಲ ದಿನಾ ನೋಡಿಕೊಳ್ಳುವವರು ಯಾರು? ಅವರು ಏನು ಓದಿ ಬಂದಿದ್ದಾರೆ? ನನಗೆ ಈ ವಿಷಯದಲ್ಲಿ ಅತಿ ಮುಖ್ಯವಾದ ಪ್ರಶ್ನೆ ಇದೇ.

ಓದು ಹೀಗೆ ಪೊಲೀಸರ ಕಡೆ ವಾಲಿದ್ದು ತಾನಾಗಿ ಅಲ್ಲ, ದುಡ್ಡಿನ ದಾರಿ ಹಿಡಿದು. 1960ರ ದಶಕದಲ್ಲಿ ಅಮೆರಿಕದಲ್ಲಿ ಅಪರಾಧದ ಭಯ ದೊಡ್ಡ ರಾಜಕೀಯ ವಿಷಯವಾಗಿತ್ತು. ಅಧ್ಯಕ್ಷ ಜಾನ್ಸನ್ ನೇಮಿಸಿದ ಆಯೋಗ 1967ರಲ್ಲಿ ವರದಿ ಕೊಟ್ಟಿತು. ಪೊಲೀಸರಿಗೆ ಕಾಲೇಜು ಓದು ಬೇಕು ಅನ್ನುವುದು ಅದರ ಶಿಫಾರಸುಗಳಲ್ಲಿ ಒಂದು. 1968ರಲ್ಲಿ ಕಾನೂನು ಬಂತು, ಹಿಂದೆಯೇ ಓದುವ ಸಿಬ್ಬಂದಿಗೆ ಸಾಲ ಮತ್ತು ಸಹಾಯಧನ ಬಂತು. ಕೆಲಸದಲ್ಲಿ ಮುಂದುವರಿದರೆ ಸಾಲ ಮನ್ನಾ. ದುಡ್ಡು ಎಲ್ಲಿದೆಯೋ ಕೋರ್ಸು ಅಲ್ಲಿ ಹುಟ್ಟುತ್ತದೆ. ಕೆಲವೇ ವರ್ಷಗಳಲ್ಲಿ ನೂರಾರು ಕಾಲೇಜುಗಳು ಕ್ರಿಮಿನಲ್ ಜಸ್ಟಿಸ್ ವಿಭಾಗ ತೆರೆದವು.

ಹತ್ತು ವರ್ಷ ಆಗುವಷ್ಟರಲ್ಲಿ ಅದರ ಕೊರತೆಯೂ ಕಾಣಿಸಿತು. 1978ರಲ್ಲಿ ಅಪರಾಧಶಾಸ್ತ್ರಜ್ಞ ಲಾರೆನ್ಸ್ ಶರ್ಮನ್ ಮತ್ತು ಅವರ ಜೊತೆಗಿದ್ದ ರಾಷ್ಟ್ರೀಯ ಸಲಹಾ ಆಯೋಗ ಪೊಲೀಸ್ ಶಿಕ್ಷಣದ ಗುಣಮಟ್ಟದ ಬಗ್ಗೆ ಖಾರವಾದ ವರದಿ ಬರೆಯಿತು. ತರಗತಿಯಲ್ಲಿ ನಡೆಯುತ್ತಿರುವುದು ಶಿಕ್ಷಣ ಅಲ್ಲ, ಕೆಲಸದ ತರಬೇತಿ ಅನ್ನುವುದು ಅದರ ಸಾರ. ಇನ್ನೊಂದು ಕಡೆ ಬರ್ಕ್‌ಲಿ ವಿಶ್ವವಿದ್ಯಾಲಯದಲ್ಲಿ ಬೇರೆಯೇ ಕಥೆ. ಅಲ್ಲಿ ಪೊಲೀಸ್ ಮುಖ್ಯಸ್ಥ ಆಗಸ್ಟ್ ವೋಲ್ಮರ್ 1916ರಲ್ಲಿ ಶುರು ಮಾಡಿದ ಪಾಠಗಳು ಬೆಳೆದು 1950ರಲ್ಲಿ ಪೂರ್ಣ ಅಪರಾಧಶಾಸ್ತ್ರ ಶಾಲೆಯಾದವು. ಮುಂದೆ ಅದೇ ಶಾಲೆಯ ಕೆಲವು ಅಧ್ಯಾಪಕರು ಪೊಲೀಸ್ ಮತ್ತು ಜೈಲು ವ್ಯವಸ್ಥೆಯನ್ನೇ ಗಟ್ಟಿಯಾಗಿ ಪ್ರಶ್ನಿಸತೊಡಗಿದರು. 1976ರಲ್ಲಿ ಶಾಲೆ ಮುಚ್ಚಿತು. ಒಂದು ಕಡೆ ಬರೀ ಕಸರತ್ತು, ಇನ್ನೊಂದು ಕಡೆ ಪ್ರಶ್ನೆ ಕೇಳಿದರೆ ಬಾಗಿಲು ಬಂದ್. ಈ ಎರಡರ ನಡುವಿನ ಜಗ್ಗಾಟ ಇವತ್ತಿಗೂ ಪಠ್ಯಕ್ರಮದ ಒಳಗೆ ಕಾಣುತ್ತದೆ.

ಭಾರತದಲ್ಲಿ ದಾರಿ ಸ್ವಲ್ಪ ಬೇರೆ. 1951–52ರಲ್ಲಿ ವಿಶ್ವಸಂಸ್ಥೆಯ ಪರವಾಗಿ ಬಂದ ಅಪರಾಧಶಾಸ್ತ್ರಜ್ಞ ವಾಲ್ಟರ್ ರೆಕ್‌ಲೆಸ್ ಜೈಲು ಆಡಳಿತದ ಬಗ್ಗೆ ವರದಿ ಕೊಟ್ಟರು. ಸಿಬ್ಬಂದಿಗೆ ಸರಿಯಾದ ತರಬೇತಿ ಬೇಕು ಅನ್ನುವುದು ಅದರಲ್ಲಿತ್ತು. ಪ್ರೊಬೇಷನ್ ಕಾನೂನು 1958ರಲ್ಲಿ ಬಂತು. ಸಾಗರ ವಿಶ್ವವಿದ್ಯಾಲಯದಲ್ಲಿ ಅಪರಾಧಶಾಸ್ತ್ರ ವಿಭಾಗ 1959ರಲ್ಲಿ, ವೆಲ್ಲೂರಿನ ಸುಧಾರಣಾ ಆಡಳಿತ ಸಂಸ್ಥೆ 1979ರಲ್ಲಿ. ಇಲ್ಲೂ ವಿಧಿವಿಜ್ಞಾನದ ಸೆಳೆತ ಜಾಸ್ತಿ. ಪ್ರಯೋಗಾಲಯದ ಕೋಟು ಹಾಕಿಕೊಳ್ಳಲು ಆಸೆ ಪಡುವಷ್ಟು ಜನ ಪ್ರೊಬೇಷನ್ ಅಧಿಕಾರಿ ಆಗಲು ಆಸೆ ಪಡುವುದಿಲ್ಲ.

ಹಾಗಾದರೆ ಈ ಮೂರನೇ ಭಾಗದಲ್ಲಿ ಓದಲು ಅಂಥದ್ದೇನಿದೆ? ತುಂಬಾ ಇದೆ. ಬೇರೆ ಕಡೆ ಸಿಗದಷ್ಟು ಇದೆ.

ಒಂದು ಲೇಖನ ಇಡೀ ವ್ಯವಸ್ಥೆಯ ದಿಕ್ಕು ಬದಲಿಸಿದ ಕಥೆಯನ್ನೇ ನೋಡಿ. 1974ರಲ್ಲಿ ರಾಬರ್ಟ್ ಮಾರ್ಟಿನ್ಸನ್ ಎಂಬ ಸಮಾಜಶಾಸ್ತ್ರಜ್ಞ, ತಾವು ಮತ್ತು ಇಬ್ಬರು ಸಂಗಡಿಗರು ಕಲೆಹಾಕಿದ 231 ಅಧ್ಯಯನಗಳ ಆಧಾರದ ಮೇಲೆ ಒಂದು ಬರಹ ಪ್ರಕಟಿಸಿದರು. ಕೈದಿಗಳ ಸುಧಾರಣೆಗೆ ಮಾಡಿದ ಪ್ರಯತ್ನಗಳಲ್ಲಿ ಗಟ್ಟಿಯಾಗಿ ಫಲ ಕೊಟ್ಟಿದ್ದು ಬಹಳ ಕಡಿಮೆ ಅನ್ನುವುದು ಅದರ ಅರ್ಥ. ಜನ ಅದನ್ನು ಏನೂ ಕೆಲಸ ಮಾಡುವುದಿಲ್ಲ ಅಂತ ಓದಿಕೊಂಡರು. ಕಠಿಣ ಶಿಕ್ಷೆ ಬೇಕು ಅನ್ನುವವರಿಗೂ ಅದು ಬೇಕಾಗಿತ್ತು. ಅಧಿಕಾರಿಗಳ ಮನಸ್ಸಿಗೆ ಬಂದಂತೆ ಬಿಡುಗಡೆ ನಿರ್ಧಾರ ಆಗಬಾರದು ಅನ್ನುವವರಿಗೂ ಬೇಕಾಗಿತ್ತು. 1979ರಲ್ಲಿ ಮಾರ್ಟಿನ್ಸನ್ ತಮ್ಮ ಮಾತನ್ನು ತಾವೇ ತಿದ್ದಿಕೊಂಡರು, ಕೆಲವು ಕಾರ್ಯಕ್ರಮಗಳು ಖಂಡಿತ ಉಪಯೋಗಕ್ಕೆ ಬರುತ್ತವೆ ಎಂದರು. ಅದನ್ನು ಕೇಳಿಸಿಕೊಂಡವರು ಕಡಿಮೆ. 1984ರ ಕಾನೂನು ಅಮೆರಿಕದ ಫೆಡರಲ್ ವ್ಯವಸ್ಥೆಯಲ್ಲಿ ಪೆರೋಲ್ ಅನ್ನೇ ತೆಗೆದುಹಾಕುವ ದಾರಿ ಮಾಡಿತು. ಒಂದು ವರದಿಯನ್ನು ಅರ್ಧ ಓದಿದರೆ ಎಷ್ಟು ಜನರ ಬದುಕು ಹೇಗೆ ತಿರುಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಪಾಠ ನನಗೆ ಗೊತ್ತಿಲ್ಲ.

ಉತ್ತರ ಬಂದಿದ್ದು ಕೆನಡಾದಿಂದ. ಅಲ್ಲಿನ ಮನಶ್ಶಾಸ್ತ್ರಜ್ಞರಾದ ಡಾನ್ ಆಂಡ್ರೂಸ್, ಜೇಮ್ಸ್ ಬೊಂಟಾ ಮತ್ತು ಅವರ ಗೆಳೆಯರು 1990ರಲ್ಲಿ ಒಂದು ಸರಳ ಚೌಕಟ್ಟು ಮುಂದಿಟ್ಟರು. ಯಾರಲ್ಲಿ ಮತ್ತೆ ಅಪರಾಧ ಮಾಡುವ ಅಪಾಯ ಜಾಸ್ತಿ ಇದೆಯೋ ಅವರಿಗೆ ಹೆಚ್ಚು ಗಮನ ಕೊಡಿ. ಅಪರಾಧಕ್ಕೆ ನೇರ ಸಂಬಂಧ ಇರುವ ಸಂಗತಿಗಳನ್ನು ಹಿಡಿದು ಕೆಲಸ ಮಾಡಿ. ಆ ಮನುಷ್ಯ ಹೇಗೆ ಕಲಿಯುತ್ತಾನೋ ಹಾಗೆ ಕಲಿಸಿ. ಕೇಳಲು ಇಷ್ಟೇನಾ ಅನಿಸುತ್ತದೆ ಅಲ್ವಾ? ಆದರೆ ಇದರ ಒಳಗೆ ಒಂದು ಅಚ್ಚರಿ ಇದೆ. ಅಪಾಯ ಕಡಿಮೆ ಇರುವವರನ್ನು ಕಟ್ಟುನಿಟ್ಟಿನ ಕಾರ್ಯಕ್ರಮಕ್ಕೆ ಹಾಕಿದರೆ ಅವರು ಇನ್ನೂ ಕೆಡಬಹುದು. ಒಹಾಯೊ ರಾಜ್ಯದ ಹಾಫ್‌ವೇ ಮನೆಗಳ (ಜೈಲಿಗೂ ಹೊರಗಿನ ಬದುಕಿಗೂ ನಡುವಿನ ತಂಗುದಾಣಗಳು) ಅಧ್ಯಯನದಲ್ಲಿ ಕಂಡದ್ದು ಇದೇ. ಕಾರಣವೂ ಬಿಡಿಸಿ ನೋಡಿದರೆ ಅರ್ಥವಾಗುತ್ತದೆ. ಕೆಲಸ ಇರುವ, ಮನೆ ಇರುವ, ಒಂದು ಸಲ ಎಡವಿದ ಹುಡುಗನನ್ನು ಎತ್ತಿ ತಂದು ಪಳಗಿದವರ ಜೊತೆ ಇರಿಸುತ್ತೀರಿ. ಇದ್ದ ಕೆಲಸ ಹೋಯಿತು, ಹೊಸ ಗೆಳೆಯರು ಸಿಕ್ಕರು. ಒಳ್ಳೆಯದು ಮಾಡಲು ಹೋಗಿ ಕೆಟ್ಟದ್ದು ಮಾಡಿದ ಹಾಗಾಯಿತು.

ಈ ಅಪಾಯವನ್ನು ಅಳೆಯಲು ಫಾರ್ಮ್‌ಗಳಿವೆ. ಹೆಚ್ಚು ಬಳಕೆಯಲ್ಲಿರುವ ಒಂದರಲ್ಲಿ 54 ಪ್ರಶ್ನೆಗಳು, ಹತ್ತು ವಿಭಾಗಗಳು. ವಿದ್ಯಾರ್ಥಿಯೊಬ್ಬಳು ತರಗತಿಯಲ್ಲಿ ಇದನ್ನು ತುಂಬುತ್ತಿದ್ದಾಳೆ ಅಂತ ಊಹಿಸಿಕೊಳ್ಳಿ. ಎದುರಿಗೆ ಒಂದು ಕಲ್ಪಿತ ಫೈಲು: 19 ವರ್ಷದ ಹುಡುಗ, ಮೊಬೈಲ್ ಕದ್ದು ಸಿಕ್ಕಿಬಿದ್ದಿದ್ದಾನೆ. ಈಗ ಕೆಲಸ ಇದೆಯೇ? ಇಲ್ಲ, ಒಂದು ಅಂಕ. ಒಂದು ವರ್ಷದಲ್ಲಿ ಮೂರು ಸಲವೋ ಇನ್ನೂ ಹೆಚ್ಚೋ ಮನೆ ಬದಲಿಸಿದ್ದಾನೆಯೇ? ಹೌದು, ಇನ್ನೊಂದು ಅಂಕ. ಗೆಳೆಯರಲ್ಲಿ ಅಪರಾಧದ ಹಿನ್ನೆಲೆಯವರು ಇದ್ದಾರೆಯೇ? ಬಿಡುವಿನ ಸಮಯವನ್ನು ಇನ್ನೂ ಚೆನ್ನಾಗಿ ಬಳಸಬಹುದಿತ್ತೇ? ಪೆನ್ನು ಇಲ್ಲಿ ನಿಲ್ಲುತ್ತದೆ. ಬಿಡುವಿನ ಸಮಯವನ್ನು ಇನ್ನೂ ಚೆನ್ನಾಗಿ ಬಳಸಬಹುದಾದವರು ಯಾರಿಲ್ಲ? ಬಾಡಿಗೆ ಕಟ್ಟಲಾಗದೆ ಮನೆ ಬಿಟ್ಟರೆ ಅದು ಅಪರಾಧದ ಲಕ್ಷಣವೋ, ಬಡತನದ ಲಕ್ಷಣವೋ? ಅವಳ ಪಕ್ಕದಲ್ಲಿ ಕೂತವನು ಅದೇ ಫೈಲಿಗೆ ನಾಲ್ಕು ಅಂಕ ಕಡಿಮೆ ಕೊಟ್ಟಿರುತ್ತಾನೆ. ಇಬ್ಬರೂ ಕಾಗದ ಪಕ್ಕಪಕ್ಕ ಇಟ್ಟು, ಪ್ರಶ್ನೆ ಪ್ರಶ್ನೆಗೂ ನಿಂತು, ನೀನು ಯಾಕೆ ಹೀಗೆ ಬರೆದೆ ಅಂತ ಕೇಳಿಕೊಳ್ಳಬೇಕು. ನನ್ನ ಪ್ರಕಾರ ಕರೆಕ್ಷನ್ಸ್ ಓದಿನ ಅತ್ಯಂತ ಬೆಲೆಬಾಳುವ ಒಂದು ಗಂಟೆ ಅದು. ನಾಳೆ ಇದೇ ಫಾರ್ಮ್ ನಿಜವಾದ ಮನುಷ್ಯನ ಮುಂದೆ ಕೂತು ತುಂಬುವಾಗ ಆ ನಾಲ್ಕು ಅಂಕದ ತೂಕ ಅವಳಿಗೆ ಗೊತ್ತಿರುತ್ತದೆ.

ಈಗ ಆ ಅಂಕವನ್ನು ಕಂಪ್ಯೂಟರ್ ಕೊಡುತ್ತಿದೆ. 2016ರಲ್ಲಿ ಪ್ರೊಪಬ್ಲಿಕಾ ಸುದ್ದಿ ಸಂಸ್ಥೆ ಫ್ಲೋರಿಡಾದ ಬ್ರೋವರ್ಡ್ ಕೌಂಟಿಯಲ್ಲಿ ಬಳಸುತ್ತಿದ್ದ ಕಂಪಾಸ್ ಎಂಬ ಸಾಫ್ಟ್‌ವೇರ್ ಲೆಕ್ಕಗಳನ್ನು ತೆಗೆದು ನೋಡಿತು. ಮುಂದೆ ಯಾವ ಅಪರಾಧವನ್ನೂ ಮಾಡದ ಕಪ್ಪು ಜನರಲ್ಲಿ ಸುಮಾರು 45% ಮಂದಿಗೆ ಅಪಾಯಕಾರಿ ಎಂಬ ಹಣೆಪಟ್ಟಿ ಅಂಟಿತ್ತು. ಬಿಳಿಯರಲ್ಲಿ ಅದು ಸುಮಾರು 23%. ತಯಾರಿಸಿದ ಕಂಪನಿ ಬೇರೆ ಲೆಕ್ಕ ಮುಂದಿಟ್ಟು ತಕರಾರು ತೆಗೆಯಿತು. ಒಂದೇ ಅಂಕ ಪಡೆದ ಕಪ್ಪು ಮತ್ತು ಬಿಳಿ ಜನ ಹತ್ತಿರ ಹತ್ತಿರ ಒಂದೇ ಪ್ರಮಾಣದಲ್ಲಿ ಮತ್ತೆ ಅಪರಾಧ ಮಾಡಿದ್ದಾರೆ ಎಂದಿತು. ಎರಡೂ ಲೆಕ್ಕ ಒಟ್ಟಿಗೆ ನಿಜ ಇರಬಹುದು. ಎರಡು ಗುಂಪುಗಳಲ್ಲಿ ಮತ್ತೆ ಅಪರಾಧ ಮಾಡುವವರ ಮೂಲ ಪ್ರಮಾಣ ಬೇರೆ ಬೇರೆ ಇದ್ದಾಗ ನ್ಯಾಯದ ಈ ಎರಡು ಅಳತೆಗಳನ್ನು ಒಂದೇ ಸಲ ಪೂರೈಸಲು ಆಗುವುದಿಲ್ಲ ಅಂತ ಗಣಿತವೇ ಹೇಳುತ್ತದೆ. ಅಂದರೆ ಯಾವ ತಪ್ಪನ್ನು ಸಹಿಸಿಕೊಳ್ಳುತ್ತೇವೆ ಅನ್ನುವುದನ್ನು ಮನುಷ್ಯರೇ ಕೂತು ನಿರ್ಧರಿಸಬೇಕು. ಸಂಖ್ಯಾಶಾಸ್ತ್ರದ ಪೇಪರ್ ಬೋರು ಅನ್ನುವ ವಿದ್ಯಾರ್ಥಿಗಳಿಗೆ ನಾನು ಹೇಳುವುದು ಇಷ್ಟೇ: ಆ ಪೇಪರಿನಲ್ಲಿ ಯಾರದೋ ಬಿಡುಗಡೆಯ ತಾರೀಕು ಇದೆ.

ಪಠ್ಯಪುಸ್ತಕವನ್ನೂ ಹೀಗೇ ಅನುಮಾನದಿಂದ ಓದಬೇಕು. 1971ರ ಸ್ಟ್ಯಾನ್‌ಫರ್ಡ್ ಜೈಲು ಪ್ರಯೋಗವನ್ನು (ವಿದ್ಯಾರ್ಥಿಗಳನ್ನೇ ಕೈದಿ, ಕಾವಲುಗಾರ ಅಂತ ಹಂಚಿ ನಡೆಸಿದ ನಕಲಿ ಜೈಲು) ಓದದೆ ಈ ಕೋರ್ಸು ಮುಗಿಸಿದವರು ಕಡಿಮೆ. ಸಾಮಾನ್ಯ ಹುಡುಗರಿಗೆ ಕಾವಲುಗಾರರ ವೇಷ ಹಾಕಿದರೆ ತಾವಾಗಿಯೇ ಕ್ರೂರಿಗಳಾಗುತ್ತಾರೆ ಅನ್ನುವುದು ಅದರಿಂದ ಎಲ್ಲರೂ ಹೊತ್ತುಕೊಂಡು ಬಂದ ತೀರ್ಮಾನ. ಹಳೆಯ ಧ್ವನಿಮುದ್ರಣ ಮತ್ತು ಕಡತಗಳು ಹೊರಬಂದ ಮೇಲೆ ಇನ್ನೊಂದು ಮುಖ ಕಂಡಿತು. ಕಾವಲುಗಾರರಿಗೆ ಇನ್ನೂ ಗಟ್ಟಿಯಾಗಿ ನಡೆದುಕೊಳ್ಳಿ ಅಂತ ಪ್ರಯೋಗ ನಡೆಸಿದವರ ಕಡೆಯಿಂದಲೇ ಒತ್ತಾಯ ಇತ್ತು. ಹಾಗಾದರೆ ಪಾಠ ಬದಲಾಗುತ್ತದೆ. ಕ್ರೌರ್ಯ ಸಮವಸ್ತ್ರದಿಂದ ಬರುತ್ತದೋ, ಮೇಲಿನವರ ಮಾತಿನಿಂದ ಬರುತ್ತದೋ? ಜೈಲು ಸಿಬ್ಬಂದಿಯ ಮೇಲೆ ದೂರು ಬಂದಾಗ ವಿಚಾರಣೆ ಎಲ್ಲಿಂದ ಶುರುವಾಗಬೇಕು ಅನ್ನುವುದು ಇದರ ಮೇಲೆ ನಿಂತಿದೆ.

ಕರೆಕ್ಷನ್ಸ್ ಎಂಬ ಪದದ ಒಳಗೇ ಒಂದು ತೊಡಕಿದೆ, ಅದನ್ನೂ ಹೇಳಬೇಕು. ತಿದ್ದುವುದು ಅಂದರೆ ತಪ್ಪು ಸಾಬೀತಾಗಿರಬೇಕು. ಆದರೆ ಒಳಗಿರುವವರಲ್ಲಿ ಎಷ್ಟು ಜನರ ತಪ್ಪು ಸಾಬೀತಾಗಿದೆ? ಭಾರತದ ಜೈಲುಗಳ 2022ರ ಅಧಿಕೃತ ಅಂಕಿಅಂಶ ನೋಡಿ. ಒಟ್ಟು 5,73,220 ಕೈದಿಗಳು. ಜಾಗ ಇದ್ದಿದ್ದು 4,36,266 ಜನರಿಗೆ. ಒಟ್ಟು ಕೈದಿಗಳಲ್ಲಿ 75.8% ವಿಚಾರಣಾಧೀನರು. ಇವರಿಗೆ ಸುಧಾರಣೆಯ ಪಾಠ ಅಲ್ಲ, ವಕೀಲರು ಬೇಕು. ಜಾಮೀನಿಗೆ ಶ್ಯೂರಿಟಿ ಬೇಕು, ಮುಂದಿನ ತಾರೀಕು ಯಾವಾಗ ಅಂತ ಹೇಳುವವರು ಬೇಕು. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ದಂಡಪ್ರಕ್ರಿಯಾ ಕಾನೂನಿನ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 479ನೇ ಸೆಕ್ಷನ್ ಪ್ರಕಾರ, ಹಿಂದೆ ಯಾವ ಅಪರಾಧದಲ್ಲೂ ತಪ್ಪಿತಸ್ಥರೆಂದು ಸಾಬೀತಾಗದವರು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೇ ಕಳೆದಿದ್ದರೆ ಬಾಂಡ್ ಮೇಲೆ ಬಿಡಬೇಕು. ಗಲ್ಲು ಅಥವಾ ಜೀವಾವಧಿ ಶಿಕ್ಷೆಯಾಗಬಹುದಾದ ಪ್ರಕರಣಗಳಿಗೆ ಇದು ಅನ್ವಯಿಸುವುದಿಲ್ಲ, ಹಲವು ಪ್ರಕರಣ ಇರುವವರಿಗೂ ಇಲ್ಲ. ಆ ಲೆಕ್ಕ ಹಾಕಿ ಅರ್ಜಿ ಬರೆಯುವ ಕೈ ಯಾವುದು? ಕಾನೂನೂ ಗೊತ್ತಿದ್ದು ಜೈಲಿನ ರಿಜಿಸ್ಟರ್ ಓದಲೂ ಬರುವ ಯುವಜನ ಬೇಕಾಗಿರುವುದು ಇಲ್ಲಿ. ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಪ್ರಯಾಸ್ ಯೋಜನೆ 1990ರಿಂದ ಸಮಾಜಕಾರ್ಯಕರ್ತರನ್ನು ಜೈಲಿನೊಳಗೆ ಕಳಿಸುತ್ತಾ ಬಂದಿದೆ. ಅದು ತೋರಿಸಿಕೊಟ್ಟ ದಾರಿ ಇದು.

ಇನ್ನು ಕೈಪಿಡಿ. ಜೈಲು ಕೈಪಿಡಿಯಷ್ಟು ಒಣ ಪುಸ್ತಕ ಇನ್ನೊಂದಿಲ್ಲ ಅನಿಸಬಹುದು. ಆದರೆ ಸುಕನ್ಯಾ ಶಾಂತಾ ಎಂಬ ಪತ್ರಕರ್ತೆ ಅದನ್ನು ಗಮನ ಇಟ್ಟು ಓದಿದರು. ಹಲವು ರಾಜ್ಯಗಳ ನಿಯಮಗಳಲ್ಲಿ ಕಸ ಗುಡಿಸುವ ಕೆಲಸ ಯಾವ ಜಾತಿಗೆ, ಅಡುಗೆ ಯಾವ ಜಾತಿಗೆ ಅನ್ನುವುದು ಬರಹದಲ್ಲೇ ಉಳಿದುಕೊಂಡಿತ್ತು. ಅವರ ಅರ್ಜಿಯ ಮೇಲೆ 2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟ್ ಅಂಥ ನಿಯಮಗಳನ್ನು ರದ್ದು ಮಾಡಿತು. ದಶಕಗಳ ಕಾಲ ಎಷ್ಟೋ ಜನ ಆ ಪುಟಗಳನ್ನು ತರಬೇತಿಯಲ್ಲಿ ತಿರುವಿ ಹಾಕಿರುತ್ತಾರೆ. ಓದುವುದು ಬೇರೆ, ತಿರುವುವುದು ಬೇರೆ.

ಮೊದಲ ಪ್ರಶ್ನೆಗೆ ಮರಳುತ್ತೇನೆ. ಒಳಗೆ ಕೆಲಸ ಮಾಡುವವರು ಏನು ಕಲಿತು ಬರುತ್ತಾರೆ? ಅನೇಕ ದೇಶಗಳಲ್ಲಿ ಜೈಲು ಸಿಬ್ಬಂದಿಯಾಗಲು ಪದವಿ ಬೇಕಿಲ್ಲ. ಕೆಲವು ವಾರಗಳ ತರಬೇತಿ ಸಾಕು, ಅದರಲ್ಲೂ ದೊಡ್ಡ ಪಾಲು ಬೀಗ, ತಪಾಸಣೆ, ಬಲಪ್ರಯೋಗ. ನಾರ್ವೆಯಲ್ಲಿ ಜೈಲು ಅಧಿಕಾರಿ ಆಗಬೇಕಾದರೆ ಎರಡು ವರ್ಷ ಓದಬೇಕು, ಆ ಸಮಯದಲ್ಲಿ ಸಂಬಳವೂ ಸಿಗುತ್ತದೆ. ಮನಶ್ಶಾಸ್ತ್ರ, ಕಾನೂನು, ನೀತಿ, ಅಪರಾಧಶಾಸ್ತ್ರ ಎಲ್ಲ ಅದರಲ್ಲಿದೆ. ಪ್ರತಿ ಕೈದಿಗೂ ಒಬ್ಬ ಸಂಪರ್ಕ ಅಧಿಕಾರಿ. ಬೀಗ ಹಾಕುವವರೇ ಬಿಡುಗಡೆಯ ತಯಾರಿಗೂ ನೆರವಾಗುತ್ತಾರೆ. ನಾರ್ವೆ ಸಣ್ಣ ದೇಶ, ಶ್ರೀಮಂತ ದೇಶ, ಅದನ್ನು ಎಲ್ಲ ಕಡೆ ನಕಲು ಮಾಡಲಾಗದು ಅನ್ನುವ ಮಾತು ನಿಜ. ಆದರೆ ಎರಡು ವರ್ಷ ಓದಿಸುವುದು ಒಂದು ತೀರ್ಮಾನ. ಅದಕ್ಕೆ ಮೊದಲು ಬೇಕಾಗಿದ್ದು ಈ ಕೆಲಸಕ್ಕೆ ಬುದ್ಧಿ ಬೇಕು ಎಂಬ ನಂಬಿಕೆ.

ಆ ನಂಬಿಕೆ ಇಲ್ಲದ ಕಡೆ ಪದವಿ ಪಡೆದು ಒಳಗೆ ಹೋದವರಿಗೆ ಕಷ್ಟ ಇದೆ. ಅದನ್ನು ಮುಚ್ಚಿಟ್ಟು ಮಕ್ಕಳನ್ನು ಕೋರ್ಸಿಗೆ ಸೇರಿಸಬಾರದು. ಪಾಳಿಗಳು ಉದ್ದ, ಸಿಬ್ಬಂದಿ ಕಡಿಮೆ, ಕಣ್ಣ ಮುಂದೆ ಹಿಂಸೆ. ಇಲ್ಲಿ ಕಾಲೇಜು ಪಾಠ ನಡೆಯಲ್ಲ, ಮರೆತುಬಿಡು ಅನ್ನುವ ಹಿರಿಯರು ಮೊದಲ ವಾರದಲ್ಲೇ ಸಿಗುತ್ತಾರೆ. ಪ್ರೊಬೇಷನ್ ಕಚೇರಿಯಲ್ಲಿ ಒಬ್ಬರ ಮೇಜಿನ ಮೇಲೆ ಹೊರಲಾರದಷ್ಟು ಫೈಲು. ತಮ್ಮ ಮನಸ್ಸನ್ನು ಕಾಪಾಡಿಕೊಳ್ಳುವುದು ಹೇಗೆ ಅನ್ನುವುದೂ ಪಠ್ಯದ ಭಾಗವಾಗಬೇಕು, ಬಹಳ ಕಡೆ ಇನ್ನೂ ಆಗಿಲ್ಲ.

ಹಾಗಂತ ಓದೇ ವ್ಯರ್ಥ ಅಲ್ಲ. ಓದಿನ ಶಕ್ತಿ ಕೈದಿಗಳ ವಿಷಯದಲ್ಲೇ ಚೆನ್ನಾಗಿ ಕಾಣುತ್ತದೆ. 2013ರಲ್ಲಿ ಸಂಶೋಧನೆ ನಡೆಸುವ ಅಮೆರಿಕದ ರ‍್ಯಾಂಡ್ ಸಂಸ್ಥೆ ಹಳೆಯ ಅಧ್ಯಯನಗಳನ್ನೆಲ್ಲ ಸೇರಿಸಿ ನೋಡಿದಾಗ, ಜೈಲಿನಲ್ಲಿ ಶಿಕ್ಷಣ ಪಡೆದವರು ಮತ್ತೆ ಅಪರಾಧಕ್ಕೆ ಮರಳುವ ಪ್ರಮಾಣ 13 ಶೇಕಡಾವಾರು ಅಂಶದಷ್ಟು ಕಡಿಮೆ ಇತ್ತು. ಎಲ್ಲರೂ ಎತ್ತಿ ಹೇಳುವ 43% ಎಂಬ ಅಂಕಿ ಬೇರೆ ಅಳತೆಯದು (ಮರಳುವ ಸಾಧ್ಯತೆಯ ಅನುಪಾತ, ಅಂದರೆ ಆಡ್ಸ್), ಎರಡನ್ನೂ ಬೆರೆಸಬಾರದು. 13 ಅನ್ನುವುದೇ ದೊಡ್ಡ ಸಂಖ್ಯೆ. ಅಮೆರಿಕ 1994ರಲ್ಲಿ ಕೈದಿಗಳಿಗೆ ಕಿತ್ತುಕೊಂಡಿದ್ದ ಪೆಲ್ ಗ್ರಾಂಟ್ ಎಂಬ ಓದಿನ ಸಹಾಯಧನವನ್ನು 2023ರ ಜುಲೈನಲ್ಲಿ ಮರಳಿ ಕೊಟ್ಟಿತು. ನಡುವೆ ಕಳೆದುಹೋದ 29 ವರ್ಷ ಯಾರ ಲೆಕ್ಕಕ್ಕೆ?

ಈ ಕೋರ್ಸಿಗೆ ಸೇರಲು ಹೊರಟವರು ಕಾಲೇಜಿನಲ್ಲಿ ಒಂದು ಪ್ರಶ್ನೆ ಕೇಳಬೇಕು: ಎಷ್ಟು ದಿನ ನಮ್ಮನ್ನು ಒಳಗೆ ಕರೆದುಕೊಂಡು ಹೋಗುತ್ತೀರಿ, ಅಲ್ಲಿ ಏನು ಮಾಡಿಸುತ್ತೀರಿ? ಅರ್ಧ ದಿನದ ಪ್ರವಾಸ ಅಂದರೆ ಪ್ರಯೋಜನ ಇಲ್ಲ. ಸಾಲಾಗಿ ನಿಂತು ಕಂಬಿಯ ಆಚೆಗಿನ ಜನರನ್ನು ನೋಡಿ ಬರುವುದು ಕಲಿಕೆಯಲ್ಲ, ಅವರಿಗೆ ಅವಮಾನ ಕೂಡ.

ಬೇರೆ ದಾರಿ ಇದೆ. 1995ರಲ್ಲಿ ಫಿಲಡೆಲ್ಫಿಯಾದ ಟೆಂಪಲ್ ವಿಶ್ವವಿದ್ಯಾಲಯದ ಲೋರಿ ಪೊಂಪಾ ವಿದ್ಯಾರ್ಥಿಗಳನ್ನು ಜೈಲಿಗೆ ಕರೆದುಕೊಂಡು ಹೋಗಿದ್ದರು. ಮಾತುಕತೆ ಮುಗಿದ ಮೇಲೆ ಒಬ್ಬ ಜೀವಾವಧಿ ಕೈದಿ ಅವರಿಗೆ ಒಂದು ಸಲಹೆ ಕೊಟ್ಟ. ಇದು ಒಂದು ದಿನಕ್ಕೆ ಮುಗಿಯುವುದು ಬೇಡ, ಇಡೀ ಸೆಮಿಸ್ಟರಿನ ಕೋರ್ಸು ಮಾಡಿ ಅಂದ. 1997ರಲ್ಲಿ ಹಾಗೇ ಶುರುವಾಯಿತು. ಹೊರಗಿನ ವಿದ್ಯಾರ್ಥಿಗಳು ಮತ್ತು ಒಳಗಿನ ವಿದ್ಯಾರ್ಥಿಗಳು ವಾರಕ್ಕೊಮ್ಮೆ ಜೈಲಿನಲ್ಲೇ ಸೇರಿ ಒಂದೇ ಪಾಠ ಓದುತ್ತಾರೆ. ಕೂರುವುದು ದುಂಡಗೆ, ಒಬ್ಬರು ಹೊರಗಿನವರು, ಪಕ್ಕ ಒಳಗಿನವರು. ಮೊದಲ ಹೆಸರು ಮಾತ್ರ ಬಳಕೆ. ಯಾವ ಅಪರಾಧ ಅನ್ನುವುದು ಚರ್ಚೆಯ ವಿಷಯವೇ ಅಲ್ಲ. ಪ್ರೊಬೇಷನ್, ಶಿಕ್ಷೆ, ಬಲಿಪಶುಗಳ ನೋವು, ಎಲ್ಲದರ ಬಗ್ಗೆ ಜೋಡಿಯಾಗಿ ಕೂತು ಬರೆಯುತ್ತಾರೆ, ವಾದ ಮಾಡುತ್ತಾರೆ. ಬಡತನಕ್ಕೂ ಅಂಕ ಬೀಳುವ ಆ ಫಾರ್ಮ್ ಬಗ್ಗೆ ಪಕ್ಕದಲ್ಲಿ ಕೂತವನಿಗೇ ಹೇಳಲು ಮಾತಿರುತ್ತದೆ. ಅದು ಅವನ ಮೇಲೆ ತುಂಬಿದ ಫಾರ್ಮ್.

ಕೋರ್ಸು ಮುಗಿದ ಮೇಲೆ ಇಬ್ಬರೂ ಮತ್ತೆ ಸಂಪರ್ಕ ಇಟ್ಟುಕೊಳ್ಳುವಂತಿಲ್ಲ. ಪತ್ರ ಇಲ್ಲ, ಫೋನ್ ಇಲ್ಲ. ಈ ನಿಯಮ ಮೊದಲ ದಿನವೇ ಎಲ್ಲರಿಗೂ ಗೊತ್ತಿರುತ್ತದೆ. ಕೊನೆಯ ತರಗತಿಯ ದಿನ ಕುರ್ಚಿಗಳನ್ನು ಪಕ್ಕಕ್ಕೆ ಸರಿಸುತ್ತಾರೆ. ಹೊರಗಿನವರು ಗೇಟಿನಲ್ಲಿ ಸಹಿ ಹಾಕಿ ತಮ್ಮ ಸಾಮಾನು ವಾಪಸ್ ತೆಗೆದುಕೊಳ್ಳುತ್ತಾರೆ. ಒಳಗಿನವರು ಎಣಿಕೆಗೆ ಹೋಗಿ ನಿಲ್ಲುತ್ತಾರೆ.